ಪೋರ್ಚುಗಲ್‌ನ ಹೆಣಕ್ಕೆ ಜಯನ ಗಂಟಲು

ನಮ್ಮ ಕಟ್ಟಡದ ಜಯನಿಗೆ ಪೋರ್ಚುಗಲ್‌ನಲ್ಲಿ ಕೆಲಸ ಸಿಕ್ಕಿದೆ ಎಂಬ ಸುದ್ದಿ ಒಂದು ಬುಧವಾರ ಬೆಳಿಗ್ಗೆ ನನ್ನ ಬಾಗಿಲಿಗೆ ಬಂತು. ಆ ಕೆಲಸಕ್ಕೆ ಪಾಸ್‌ಪೋರ್ಟ್ ಬೇಡವಂತೆ, ವಿಮಾನ ಬೇಡವಂತೆ, ಪಂಪ್‌ವೆಲ್‌ವರೆಗೆ ಹೋಗಿ ಎರಡು ಮಹಡಿ ಹತ್ತಿದರೆ ಸಾಕಂತೆ. ನಾನು ಕಟ್ಟಡದ ಅಸೋಸಿಯೇಷನ್ನಿನ ಸೆಕ್ರೆಟರಿ. ಅತ್ತಾವರದ ಒಳರಸ್ತೆಯಲ್ಲಿ ಎಂಟೇ ಎಂಟು ಫ್ಲ್ಯಾಟುಗಳ ಈ ಕಟ್ಟಡಕ್ಕೆ, ಟೆಲಿಫೋನ್ ಇಲಾಖೆಯಿಂದ ನಿವೃತ್ತನಾಗಿ ಒಬ್ಬನೇ ಇರುವ ನನಗೆ ಬೇರೆ ಕೆಲಸವಿಲ್ಲ ಎಂಬ ಅರ್ಹತೆಯ ಮೇಲೆ, ಒಂಬತ್ತು ವರ್ಷಗಳಿಂದ ನನ್ನನ್ನು ಅವಿರೋಧವಾಗಿ ಆರಿಸುತ್ತಿದ್ದಾರೆ. ಇಂಥ ಸುದ್ದಿ ಮೊದಲು ನನಗೆ ಬರಬೇಕಿತ್ತು. ಆದರೆ ಬಂದದ್ದು ಹಾಲಿನವನಿಗೂ ಗೊತ್ತಾದ ಮೇಲೆ.

ಜಯನ ಪರಿಚಯ ಮಾಡಿಕೊಡಬೇಕು. ಸಿಟಿ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಕಂಡಕ್ಟರ್ ಆಗಿದ್ದವನು. ಬಸ್ಸಿನೊಳಗೆ ಹಿಂದೆ ಮುಂದೆ ಓಡಾಡುವ ಗಡಿಬಿಡಿಯಲ್ಲಿ ಮದುವೆ ಆಗುವುದನ್ನು ಮರೆತ. ಅವನು ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನಲ್ಲಿ ನಿಂತು "ಸುರತ್ಕಲ್, ಸುರತ್ಕಲ್, ಸುರತ್ಕಲ್" ಎಂದು ಕರೆದರೆ ಸುರತ್ಕಲ್‌ನಲ್ಲಿ ಕಾಯುವವರು ಕೊಡೆ ಮಡಚುತ್ತಿದ್ದರು ಎನ್ನುತ್ತಾರೆ. ಇದು ಸ್ವಲ್ಪ ಹೆಚ್ಚಾಯಿತು, ಆದರೆ ಬಹಳ ಹೆಚ್ಚಲ್ಲ. ಎರಡು ವರ್ಷದ ಹಿಂದೆ ಆ ಗಂಟಲಲ್ಲಿ ಒಂದು ಗಂಟು ಕಾಣಿಸಿತು. ಡಾಕ್ಟರು ಗಂಟು ತೆಗೆದರು. ಗಂಟಿನ ಜೊತೆ ಸ್ವರವೂ ಹೋಯಿತು. ಉಳಿದದ್ದು ತುಕ್ಕು ಹಿಡಿದ ಶಟರ್ ಎಳೆದಂಥ ಒಂದು ಗರಗರ ಶಬ್ದ. ಬಸ್ಸಿನ ಧಣಿ ಒಂದು ವಾರ ತಾಳಿಕೊಂಡು, "ಪ್ಯಾಸೆಂಜರ್ ಹೆದರ್ತಾರೆ ಮಾರಾಯ, ನೀನು ಸ್ವಲ್ಪ ರೆಸ್ಟ್ ಮಾಡು" ಎಂದರು. ಆ ಸ್ವಲ್ಪ ರೆಸ್ಟ್ ಎರಡು ವರ್ಷ ನಡೆಯಿತು. ಕೆಳಗಿನ ಫ್ಲ್ಯಾಟಿನಲ್ಲಿ ಜಯ ಮತ್ತು ಅವನ ತಾಯಿ ಕಿನ್ನಿಯಕ್ಕ, ಇಬ್ಬರೇ. ಕಿನ್ನಿ ಎಂದರೆ ತುಳುವಿನಲ್ಲಿ ಚಿಕ್ಕದು. ಎಂಬತ್ತೊಂದು ತುಂಬಿದರೂ ಅವರ ಹೆಸರು ಬೆಳೆಯಲಿಲ್ಲ. ಮಗನಿಗೆ ಕೆಲಸವಿಲ್ಲ ಎಂಬ ಮಾತನ್ನು ಅವರು ಒಮ್ಮೆಯೂ ಆಡಲಿಲ್ಲ, ಆದರೆ ಆಡದೇ ಇದ್ದದ್ದು ಜಯನಿಗೆ ಪ್ರತಿದಿನ ಕೇಳಿಸುತ್ತಿತ್ತು.

ಹೀಗಿರುವಾಗ ಜಯ ಒಂದು ದಿನ ಮೀನಿನ ಅಂಗಡಿಯ ಎದುರು ನಿಂತು "ಈ ಬಂಗುಡೆ ಇವತ್ತಿನದ್ದಾ?" ಎಂದು ಕೇಳಿದ. ಅಷ್ಟೇ ಕೇಳಿದ್ದು. ಪಕ್ಕದಲ್ಲಿ ನಿಂತಿದ್ದ ಹುಡುಗಿಯೊಬ್ಬಳ ಕೈಯಿಂದ ಚೀಲ ಬಿತ್ತು. ಅವಳು ಮೀನನ್ನು ಹೆಕ್ಕುವ ಬದಲು ಇವನ ಕೈ ಹಿಡಿದು, "ಅಂಕಲ್, ಇನ್ನೊಂದು ಸಲ ಹೇಳಿ, ಪ್ಲೀಸ್" ಎಂದಳು. ಅವಳ ಹೆಸರು ಗ್ಲೆನಿಟಾ. ಪಂಪ್‌ವೆಲ್‌ನಲ್ಲಿ ಟಯರ್ ಅಂಗಡಿಯ ಮೇಲಿರುವ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಧ್ವನಿ ಹಿಡಿಯುವ ಕೆಲಸ ಅವಳದ್ದು.

ಅಲ್ಲಿ ಒಂದು ವಿದೇಶಿ ಸೀರಿಯಲ್ಲಿಗೆ ಕನ್ನಡದ ಮಾತು ಹಾಕುತ್ತಿದ್ದರು. ಸತ್ತವರೆಲ್ಲ ಎದ್ದು ನಡೆದಾಡಿ ಬದುಕಿದವರನ್ನು ಹಿಡಿದು ತಿನ್ನುವ ಕಥೆ. ಮೂಲ ಸೀರಿಯಲ್ ಅಮೆರಿಕದ್ದು. ಅಲ್ಲಿ ತಿನ್ನಲು ಜನ ಉಳಿಯದೆ ಅದು ಮುಗಿದ ಮೇಲೆ, ಹಂಪನಕಟ್ಟೆಯ ಹೋಟೆಲಿನವರು ಸುರತ್ಕಲ್‌ನಲ್ಲಿ ಬ್ರಾಂಚ್ ತೆರೆದ ಹಾಗೆ, ಪೋರ್ಚುಗಲ್‌ನಲ್ಲಿ ಅದರ ಮರಿ ಸೀರಿಯಲ್ ತೆರೆದಿದ್ದರು. ಹೀರೋ ಒಬ್ಬ ದೋಣಿಯಲ್ಲಿ ಅಲ್ಲಿಗೆ ಬಂದು ಇಳಿಯುತ್ತಾನೆ. ಊರಿನಲ್ಲಿ ಹೆಂಚಿನ ಮನೆಗಳು, ಇಗರ್ಜಿ, ಮೀನಿನ ದೋಣಿ ನಿಲ್ಲುವ ದಕ್ಕೆ, ಎಲ್ಲ ನಮ್ಮ ಊರಿನದ್ದೇ ಹಾಗೆ. ಜನ ಸತ್ತಿದ್ದಾರೆ ಎಂಬುದೊಂದೇ ವ್ಯತ್ಯಾಸ. ಆ ಸತ್ತವರಿಗೆ ನರಳುವ ಧ್ವನಿ ಬೇಕಿತ್ತು. ಡಬ್ಬಿಂಗ್ ನಿರ್ದೇಶಕ ದೀಪೇಶ್ ಜಯನ ಗಂಟಲು ಕೇಳಿ ಕಣ್ಣು ಮುಚ್ಚಿ, "ಇದು ಮೇಕಪ್ ಇಲ್ಲದ ಹೆಣ" ಎಂದನಂತೆ. ಮುಂದಿನ ವಾರದ ಶನಿವಾರ ಮುಖ್ಯ ದೃಶ್ಯದ ರೆಕಾರ್ಡಿಂಗ್. ಅದು ಸರಿಯಾದರೆ ಎಂಟು ಕಂತುಗಳ ಎಲ್ಲ ಹೆಣಗಳೂ ಜಯನವೇ.

ಇಷ್ಟನ್ನು ಇಷ್ಟೇ ಹೇಳಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಪಕ್ಕದ ಮನೆಯ ಖತೀಜಮ್ಮ ಅಂಗಳದಲ್ಲಿ ನಿಂತು, "ಯಾರ ವಾಯ್ಸ್ ಮಗಾ ನಿನಗೆ ಕೊಟ್ಟದ್ದು?" ಎಂದು ಕೇಳುವಾಗ ಎದುರಿಗೆ ಕಿನ್ನಿಯಕ್ಕ ನಿಂತಿದ್ದರು. ತಿಂಗಳು ಆಟಿ, ತುಳುವರಿಗೆ ಅದು ಸತ್ತವರ ತಿಂಗಳು. ಹೆತ್ತ ತಾಯಿಯ ಎದುರು ನಿಂತು "ನಾನು ಹೆಣ" ಎನ್ನಲು ಯಾವ ಮಗನಿಗೆ ಬಾಯಿ ಬರುತ್ತದೆ? ಜಯ "ಹೀರೋದ್ದು" ಎಂದ.

ಖತೀಜಮ್ಮನ ಕೈಗೆ ಸಿಕ್ಕ ಸುದ್ದಿ ಕೆಡುವುದಿಲ್ಲ, ಬೆಳೆಯುತ್ತದೆ. ಮಧ್ಯಾಹ್ನದೊಳಗೆ ಜಯ ಪೋರ್ಚುಗಲ್‌ನ ಹೀರೋ ಆಗಿದ್ದ.

ಇನ್ನು ಅಭ್ಯಾಸ ಆಗಬೇಕಲ್ಲ. ಸ್ಟುಡಿಯೋಗೆ ಹೋಗ್ತೇನೆ ಎಂದು ಅಮ್ಮನಿಗೆ ಹೇಳಿ ಮುಂಬಾಗಿಲಿನಿಂದ ಹೊರಡುವುದು, ಸುತ್ತು ಬಂದು ಹಿಂಬಾಗಿಲಿನಿಂದ ಅಡುಗೆಮನೆ ಪಕ್ಕದ ಸಾಮಾನಿನ ಕೋಣೆಗೆ ನುಗ್ಗಿ ಚಿಲಕ ಹಾಕಿಕೊಂಡು ನರಳುವುದು. ಹಸಿದ ಹೆಣ, ಕಾಲು ಮುರಿದ ಹೆಣ, ನೀರಿನಿಂದ ಎದ್ದ ಹೆಣ, ಹೀಗೆ ದಿನಕ್ಕೆ ಎರಡು ಗಂಟೆ ನಿಷ್ಠೆಯಿಂದ ನರಳಿದ. ಇಪ್ಪತ್ತೆರಡು ವರ್ಷ ಒಂದು ಟ್ರಿಪ್ ತಪ್ಪಿಸದ ಮನುಷ್ಯ, ಕೆಲಸವೆಂದರೆ ಕೆಲಸ.

ಕಿನ್ನಿಯಕ್ಕನಿಗೆ ಅದು ಕೇಳಿಸಿತು. ಮಗ ಮನೆಯಲ್ಲಿಲ್ಲ, ಮುಚ್ಚಿದ ಕೋಣೆಯೊಳಗಿಂದ ಮುದುಕನೊಬ್ಬ ನರಳುತ್ತಿದ್ದಾನೆ. ಬೇರೆ ಊರಿನವರಾಗಿದ್ದರೆ ಕಿರುಚಿಕೊಂಡು ಓಡುತ್ತಿದ್ದರು. ಕಿನ್ನಿಯಕ್ಕ ತುಳುವರ ಹೆಂಗಸು. ಆಟಿಯಲ್ಲಿ ತೀರಿಹೋದವರು ಹಸಿದು ಮನೆಗೆ ಬರುತ್ತಾರೆ, ಅವರಿಗೆ ಎಲೆ ಹಾಕಿ ಬಡಿಸಬೇಕು, ಬಡಿಸಿ ಬಾಗಿಲು ಓರೆ ಮಾಡಿ ದೂರ ಕೂರಬೇಕು ಎಂಬುದು ಅವರಿಗೆ ಹಾಲು ಕಾಯಿಸಿದಷ್ಟೇ ಸಹಜ. ಅವರು ಹೆದರಲಿಲ್ಲ, ನಾಚಿಕೊಂಡರು. ಹನ್ನೆರಡು ವರ್ಷದ ಹಿಂದೆ ಹೋದ ಗಂಡನಿಗೆ ಈ ವರ್ಷ ಇನ್ನೂ ಬಡಿಸಿಲ್ಲವಲ್ಲ! ಕೂಡಲೇ ಕೋಣೆಯ ಎದುರು ಎಲೆ ಹಾಕಿ, ಅನ್ನ, ಕೋಳಿ ಸುಕ್ಕ, ಪತ್ರೊಡೆ ಬಡಿಸಿ, ಕೈ ಮುಗಿದು, ಪಡಸಾಲೆಗೆ ಹೋಗಿ ಕೂತರು. ಜಯ ಹೊರಗೆ ಬಂದ. ಎಲೆ ಕಂಡ. ಅಮ್ಮನಿಗೆ ಎಲ್ಲ ಗೊತ್ತಾಗಿದೆ, ಗೊತ್ತಾದರೂ ಬಾಯಿ ಬಿಡದೆ ಊಟ ಬಡಿಸಿದ್ದಾರೆ ಎಂದು ಅವನ ಕಣ್ಣು ತುಂಬಿತು. ತುಂಬಿದ ಕಣ್ಣಿನಲ್ಲೇ ಎಲೆ ಖಾಲಿ ಮಾಡಿ ಹಿಂಬಾಗಿಲಿನಿಂದ ಜಾರಿದ.

ಆ ಸಂಜೆ ಕಿನ್ನಿಯಕ್ಕ ನನ್ನ ಬಳಿ ಬಂದರು. "ಸೆಕ್ರೆಟ್ರಿಯವರೇ, ಮಧ್ಯಾಹ್ನ ಹಿಂದಿನ ಗೇಟಿಗೆ ಬೀಗ ಹಾಕ್ಬೇಡಿ. ಇವರು ಬಂದು ಹೋಗ್ತಾ ಇದ್ದಾರೆ."

"ಯಾರು?"

"ಜಯನ ಅಪ್ಪ. ಎಲೆಯಲ್ಲಿ ಒಂದು ಅಗುಳು ಬಿಡ್ಲಿಲ್ಲ. ಮೊದಲು ಪತ್ರೊಡೆ ಮುಟ್ತಾ ಇರ್ಲಿಲ್ಲ, ಈಗ ರುಚಿ ಹತ್ತಿದೆ."

ಅವರು ಹೋದ ಹತ್ತು ನಿಮಿಷಕ್ಕೆ ಖತೀಜಮ್ಮ ಬಂದರು. ಆ ಕೋಣೆಯ ಗೋಡೆಯ ಆಚೆ ಅವರ ಅಡುಗೆಮನೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಜಯನಿಗೆ ಗಂಟಲಿನ ಕಾಯಿಲೆ ತಿರುಗಿ ಬಂದಿದೆ. ಪಾಪ, ಅಮ್ಮನಿಗೆ ಗೊತ್ತಾಗ್ಬಾರ್ದು ಅಂತ ಕೋಣೆಯಲ್ಲಿ ಚಿಲಕ ಹಾಕಿ ನರಳ್ತಾನೆ. ಹೀರೋದ ವಾಯ್ಸ್ ಅಂತೆ, ಈ ಗಂಟಲಲ್ಲಿ ಎಂತ ಹೀರೋ? ಶನಿವಾರದ ಒಳಗೆ ನಾವು ಗುಣ ಮಾಡ್ಬೇಕು" ಎಂದರು. ನಾವು ಎಂದರೆ ಯಾರು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ಮೂರನೆಯ ಮಹಡಿಯಿಂದ ಶಬ್ದದ ಬಗ್ಗೆ ಲಿಖಿತ ದೂರು ಬಂದದ್ದರಿಂದ ನಾನು ನೋಟಿಸ್ ಬೋರ್ಡಿನಲ್ಲಿ "ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಕಟ್ಟಡದಲ್ಲಿ ನರಳುವುದನ್ನು ನಿಷೇಧಿಸಲಾಗಿದೆ" ಎಂದು ಹಾಕಿ, ನನ್ನ ಕರ್ತವ್ಯ ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಮರುದಿನದಿಂದ ಜಯನ ಗಂಟಲು ಕಟ್ಟಡದ ಸಾರ್ವಜನಿಕ ಕಾಮಗಾರಿ ಆಯಿತು. ಖತೀಜಮ್ಮ ಕಾಳುಮೆಣಸು, ಶುಂಠಿ, ಕರಿಜೀರಿಗೆ ಕುದಿಸಿ ಜೇನು ಹಾಕಿದ ಕಷಾಯವನ್ನು ಎರಡು ಗಂಟೆಗೊಮ್ಮೆ ತಂದು, ಅವನು ನುಂಗಿದ್ದನ್ನು ಕಣ್ಣಾರೆ ನೋಡಿಯೇ ಲೋಟ ವಾಪಸ್ ಒಯ್ಯುತ್ತಿದ್ದರು. ಅವರ ಮೊಮ್ಮಗಳು ಮರ್ವಾ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್. ಅವಳು ಟಾರ್ಚ್ ಹಾಕಿ ಗಂಟಲು ನೋಡಿ, "ಜಯಣ್ಣ, ಆಪರೇಷನ್ ಆದ ಮೇಲೆ ಹೇಳಿದ ಸ್ವರದ ವ್ಯಾಯಾಮ ಮಾಡಿದ್ದೀರಾ?" ಎಂದಳು.

"ಇಲ್ಲ."

"ಆವಿ ತೆಗೆದುಕೊಂಡಿದ್ದೀರಾ?"

"ಇಲ್ಲ."

"ಮತ್ತೆ ಎರಡು ವರ್ಷ ಎಂತ ಮಾಡಿದ್ರಿ?"

"ಬೇಜಾರು ಮಾಡಿದೆ" ಎಂದ ಜಯ.

ಮರ್ವಾ ಬೆಳಿಗ್ಗೆ ಸಂಜೆ ನಿಂತು ಆವಿ ಕೊಡಿಸಿದಳು, ಆ ಈ ಊ ಹೇಳಿಸಿದಳು. ನಾನೂ ಸುಮ್ಮನಿರಲಿಲ್ಲ; ಲವಂಗ ಕೊಟ್ಟೆ, ಒಂದು ಸಲಕ್ಕೆ ಎರಡರಂತೆ. ಬೇಡ ಎನ್ನಲು ಜಯನಿಗೆ ದಾರಿಯಿರಲಿಲ್ಲ. ಹೀರೋ ಆದವನು ಗಂಟಲು ಗುಣವಾಗುವುದು ಬೇಡ ಎನ್ನುವುದು ಹೇಗೆ?

ಮರುವಾರದ ಗುರುವಾರ ಸಂಜೆ ಅನಾಹುತವಾಯಿತು. ಜಯ ಅಂಗಳದಲ್ಲಿ ನಿಂತು "ಅಮ್ಮಾ" ಎಂದ. ಬೆಣ್ಣೆಯಲ್ಲಿ ಕತ್ತಿ ಇಳಿದ ಹಾಗೆ ಇತ್ತು ಆ ಅಮ್ಮಾ. ಕಿನ್ನಿಯಕ್ಕ ಕೈಯಲ್ಲಿದ್ದ ಗೆರಸೆ ಬಿಟ್ಟು ಅತ್ತರು. ಖತೀಜಮ್ಮ ಆಕಾಶಕ್ಕೆ ಕೈಯೆತ್ತಿ ದೇವರಿಗೆ ಶುಕ್ರ್ ಹೇಳಿದರು. ಮರ್ವಾ ಚಪ್ಪಾಳೆ ಹೊಡೆದಳು. ಜಯನ ಮುಖ ಮಾತ್ರ ಸತ್ತವನದ್ದಾಗಿತ್ತು, ಆದರೆ ಕೆಲಸ ಇದ್ದದ್ದು ಮುಖಕ್ಕಲ್ಲ.

ಶುಕ್ರವಾರ ಮಧ್ಯಾಹ್ನ ನಾನು ಐಸ್‌ಕ್ರೀಮ್ ಅಂಗಡಿಯ ಎದುರು ಹಾಯುವಾಗ ಒಳಗೆ ಜಯ ಕೂತಿದ್ದ. ಎದುರಿಗೆ ಎರಡು ಖಾಲಿ ಗಡ್‌ಬಡ್ ಗ್ಲಾಸು, ಕೈಯಲ್ಲಿ ಮೂರನೆಯದು.

"ಎಂತ ಇದು ಜಯ? ನಾಳೆ ರೆಕಾರ್ಡಿಂಗ್!"

"ಸ್ವಲ್ಪ ಶೀತ ಆಗ್ಲಿಕ್ಕೆ ಸರ್" ಎಂದ. ಆ ಸ್ವರ ಎಷ್ಟು ಇಂಪಾಗಿತ್ತೆಂದರೆ ಕೌಂಟರಿನವ ತಿರುಗಿ ನೋಡಿದ. ಹೆದರಿಕೆಯಿಂದ ತಲೆ ಕೆಟ್ಟಿದೆ ಎಂದು ನಾನು ಮೂರನೆಯ ಗಡ್‌ಬಡ್ ಕಿತ್ತುಕೊಂಡು, ವ್ಯರ್ಥವಾಗಬಾರದೆಂದು ನಾನೇ ತಿಂದು, ಅವನನ್ನು ಮನೆಗೆ ಕರೆತಂದು ಖತೀಜಮ್ಮನಿಗೆ ಒಪ್ಪಿಸಿದೆ. ಅವರು ಕಷಾಯದ ಪ್ರಮಾಣ ಹೆಚ್ಚಿಸಿದರು.

ಶನಿವಾರ ಹೀರೋನನ್ನು ನೋಡಲು ಎಲ್ಲರೂ ಹೊರಟೆವು. ಕಿನ್ನಿಯಕ್ಕ, ಖತೀಜಮ್ಮ, ಮರ್ವಾ ಆಟೋದಲ್ಲಿ. ಜಯ ನನ್ನ ಸ್ಕೂಟರಿನ ಹಿಂದೆ. ಬೇಡ, ಬೇಡ ಎಂದು ಅವನು ಪಂಪ್‌ವೆಲ್ ಮೇಲ್ಸೇತುವೆ ದಾಟುವ ತನಕ ಹೇಳಿದ. ವಿನಯ ಎಂದುಕೊಂಡೆ.

ಎರಡು ಮಹಡಿ ಹತ್ತಿ ಬಾಗಿಲು ತೆಗೆದೊಡನೆ ಗ್ಲೆನಿಟಾ ಎರಡೂ ಕೈ ಚಾಚಿ, "ಬನ್ನಿ ಬನ್ನಿ! ಬಂದರು ನೋಡಿ ನಮ್ಮ ನಂಬರ್ ವನ್ ಹೆಣ!" ಎಂದಳು.

ಸ್ಟುಡಿಯೋದಲ್ಲಿ ಶಬ್ದ ಹೊರಗೆ ಹೋಗದ ಹಾಗೆ ಗೋಡೆಗೆಲ್ಲ ಸ್ಪಂಜು ಅಂಟಿಸಿರುತ್ತಾರೆ. ಆ ಮೌನ ಬಹಳ ದಪ್ಪ.

ಖತೀಜಮ್ಮ ಮೊದಲು ಚೇತರಿಸಿಕೊಂಡರು. "ಎಂತ ಹೇಳಿದ್ದು ನೀನು? ಯಾರು ಹೆಣ? ಇವನು ಹೀರೋ ಅಲ್ವಾ?"

"ಹೀರೋನ ಡಬ್ಬಿಂಗ್ ಕಳೆದ ತಿಂಗಳೇ ಆಯ್ತು ಆಂಟಿ. ಜಯಣ್ಣ ಸತ್ತವರು. ಎಲ್ಲ ಸತ್ತವರೂ ಜಯಣ್ಣನೇ."

ಜಯ ನೆಲ ನೋಡಿಕೊಂಡು ಎಲ್ಲ ಒಪ್ಪಿಕೊಂಡ. ಸಾಮಾನಿನ ಕೋಣೆಯಲ್ಲಿ ನರಳಿದ್ದು, ಕಾಯಿಲೆ ಇಲ್ಲದ್ದು, ಅಮ್ಮನ ಎದುರು ಆ ಮಾತು ಬಾಯಿಗೆ ಬಾರದ್ದು. ನಾವೆಲ್ಲ ಕಿನ್ನಿಯಕ್ಕನ ಮುಖ ನೋಡಿದೆವು. ಅವರ ಮುಖ ನಿಧಾನವಾಗಿ ಕೆಂಪಾಯಿತು.

"ಹಾಗಾದ್ರೆ ನಾನು ನಿನ್ನ ಅಪ್ಪನಿಗೆ ಬಡಿಸಿದ ಕೋಳಿ ತಿಂದದ್ದು ನೀನಾ?"

"ನನಗೆ ಅಂತ ಬಡಿಸಿದ್ದು ಅಂತ ಅಂದ್ಕೊಂಡೆ ಅಮ್ಮಾ."

"ಅವರು ಪತ್ರೊಡೆ ತಿನ್ಲಿಕ್ಕೆ ಸುರು ಮಾಡಿದ್ರು ಅಂತ ಇಡೀ ಅತ್ತಾವರಕ್ಕೆ ಹೇಳಿದ್ದೇನಲ್ಲ ನಾನು!" ಎಂದು ತಲೆ ಚಚ್ಚಿಕೊಂಡು, ಆಮೇಲೆ ಮೆತ್ತಗೆ, "ಸತ್ತವನ ಕೆಲಸ ಆದ್ರೆ ಎಂತ ಮಗಾ? ಕೆಲಸ ಕೆಲಸವೇ. ಹೋಗು, ಸರಿ ಮಾಡು" ಎಂದರು.

ಆದರೆ ಸರಿ ಮಾಡುವುದು ಹೇಗೆ? ಗಾಜಿನ ಆಚೆಯ ಕೋಣೆಯಲ್ಲಿ ಜಯ ಮೈಕಿನ ಎದುರು ನಿಂತ. ಪರದೆಯ ಮೇಲೆ ಪೋರ್ಚುಗಲ್‌ನ ಒಂದು ಓಣಿ. ಮುದುಕ ಹೆಣವೊಂದು ಕಾಲೆಳೆಯುತ್ತ ಬಂದು ಒಂದು ಮನೆಯ ಎದುರು ನಿಂತು ಕೈ ಚಾಚುತ್ತದೆ. ಜಯ ಬಾಯಿ ತೆರೆದು "ಆಆ" ಎಂದ. ಚಹಾ ಕುಡಿಯಲು ನೆರೆಯವರನ್ನು ಕರೆದ ಹಾಗಿತ್ತು.

"ಜಯಣ್ಣ, ನೀವು ಸತ್ತು ನಾಲ್ಕು ತಿಂಗಳಾಗಿದೆ" ಎಂದ ದೀಪೇಶ್. "ಸ್ವಲ್ಪ ಕೊಳೆಯಿರಿ."

ಜಯ ಕೊಳೆಯಲು ನೋಡಿದ. ಎರಡನೆಯ ಸಲ ಭಜನೆಯ ಶ್ರುತಿಯಾಯಿತು. ಐದನೆಯ ಸಲಕ್ಕೆ ದೀಪೇಶ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಮೊನ್ನೆ ಇದ್ದ ಗಂಟಲು ಎಲ್ಲಿ ಹೋಯ್ತು? ಇವತ್ತು ಸಂಜೆಯೊಳಗೆ ಬಾಂಬೆಯ ಕಂಪನಿಗೆ ಕಳಿಸ್ಬೇಕು. ಬೇಜಾರು ಮಾಡ್ಬೇಡಿ, ಸುರತ್ಕಲ್‌ನಲ್ಲಿ ದಮ್ಮಿನವರೊಬ್ಬರು ಇದ್ದಾರೆ, ಅವರನ್ನು ಕರೆಸ್ತೇನೆ."

ಗಾಜಿನ ಆಚೆ ಜಯ ಕಿವಿಗೆ ಹಾಕಿದ್ದನ್ನು ತೆಗೆಯಲಿಲ್ಲ, ಹೊರಗೂ ಬರಲಿಲ್ಲ. ಎರಡು ವರ್ಷದ ಮೇಲೆ ಬಂದ ಕೆಲಸ ಹೋಯಿತು ಎಂಬುದು ಆ ನಿಂತ ಭಂಗಿಯಲ್ಲೇ ಇತ್ತು. ಈಚೆ ನಮ್ಮಲ್ಲಿ ಜಗಳ ಹತ್ತಿತು. ಇಂಥ ಜಗಳವನ್ನು ನಾನು ಯಾವ ಅಸೋಸಿಯೇಷನ್ ಸಭೆಯಲ್ಲೂ ಕಂಡಿಲ್ಲ. ಅಲ್ಲಿ ತಪ್ಪನ್ನು ದಾಟಿಸುತ್ತಾರೆ, ಇಲ್ಲಿ ಕಿತ್ತುಕೊಳ್ಳುತ್ತಿದ್ದರು.

"ನನ್ನ ಕಷಾಯದಿಂದಲೇ ಹೋದದ್ದು. ನಾನು ಹಾಳು ಮುದುಕಿ, ಅವನ ಅನ್ನ ಕಳೆದೆ" ಎಂದು ಖತೀಜಮ್ಮ ಎದೆ ಬಡಿದುಕೊಂಡರು.

"ಕಷಾಯದಿಂದ ಹಾಗೆಲ್ಲ ಆಗುದಿಲ್ಲ ಅಜ್ಜಿ, ನಾನು ಕೊಟ್ಟ ಆವಿ" ಎಂದಳು ಮರ್ವಾ.

"ಲವಂಗವನ್ನು ಮರೆಯಬೇಡಿ" ಎಂದೆ ನಾನು. ಅಷ್ಟಾದರೂ ಪಾಲು ನನಗೆ ಬೇಕಿತ್ತು.

ಕಿನ್ನಿಯಕ್ಕ ಮಾತ್ರ ಪರದೆಯನ್ನೇ ನೋಡುತ್ತಿದ್ದರು. ಕೈ ಚಾಚಿದ ಆ ಮುದುಕ ಹೆಣ ಅಲ್ಲಿ ಹಾಗೆಯೇ ನಿಂತಿತ್ತು. "ಇವನು ಯಾರ ಮನೆಗೆ ಬಂದದ್ದು?" ಎಂದು ಕೇಳಿದರು.

"ಅವನದ್ದೇ ಮನೆ ಅಜ್ಜಿ" ಎಂದಳು ಗ್ಲೆನಿಟಾ. "ಒಳಗೆ ಸೊಸೆ, ಮಕ್ಕಳು ಅಡಗಿದ್ದಾರೆ."

"ಹಾಗಾದ್ರೆ ಹೆದರಿಸ್ಲಿಕ್ಕೆ ಬಂದವನಲ್ಲ ಮಗಾ. ಹಸಿದು ಬಂದವನು. ಆ ಊರಿನಲ್ಲಿ ಆಟಿಗೆ ಬಡಿಸುವ ಕ್ರಮ ಇಲ್ವಾ? ಇಷ್ಟು ಜನ ಎದ್ದು ಬಂದಿದ್ದಾರೆ ಅಂದ್ರೆ ಯಾರೂ ಬಡಿಸ್ಲಿಲ್ಲ. ಒಂದು ಎಲೆ ಹಾಕಿದ್ರೆ ಮುಗಿದು ಹೋಗ್ತಿತ್ತು. ನಮ್ಮ ಜಯನನ್ನು ನೋಡಿ, ಎರಡು ವರ್ಷ ಸತ್ತವನ ಹಾಗೆ ಕೋಣೆಯಲ್ಲಿ ಇದ್ದ. ಇವರೆಲ್ಲ ಬಾಗಿಲು ಹಾಕಿದ್ರಾ? ಕಷಾಯ ತಂದರು."

ಒಳಗಿನವನಿಗೆ ಮಾತು ಕೇಳಿಸುವ ಗುಂಡಿಯನ್ನು ಗ್ಲೆನಿಟಾ ಒತ್ತಿದ್ದವಳು ಬಿಡಲು ಮರೆತಿದ್ದಳು. ಜಯ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನು ಒಂದು ಬೆರಳು ಎತ್ತಿದ, ಇನ್ನೊಂದು ಸಲ ಎಂದು. ದೀಪೇಶ್ ಬೇಡ ಎನ್ನುವಷ್ಟರಲ್ಲಿ ಗ್ಲೆನಿಟಾ ರೆಕಾರ್ಡಿಂಗ್ ಒತ್ತಿಯಾಗಿತ್ತು.

ಪೋರ್ಚುಗಲ್‌ನ ಹೆಣ ಕೈ ಚಾಚಿತು. ಜಯ ಬಾಯಿ ತೆರೆದ. ನರಳಾಟದ ಬದಲು ತುಳು ಬಂತು. "ಬಡವಾಪುಂಡು" ಎಂದ. ಹಸಿವಾಗ್ತಾ ಉಂಟು ಎಂದು ಅರ್ಥ. ಅಕ್ಷರಗಳು ಒಂದಕ್ಕೊಂದು ಅಂಟಿ, ಹರಿದು, ಗಂಟಲಿನ ತಳದಿಂದ ಎಳೆದುಕೊಂಡು ಬಂದವು. ಶೀತವಾದರೆ ಗಂಟಲು ಕಟ್ಟುತ್ತದೆ ಎನ್ನುತ್ತೇವೆ; ಮನಸ್ಸು ತುಂಬಿದರೂ ಗಂಟಲು ಕಟ್ಟುತ್ತದೆ ಎಂದೇ ಅನ್ನುತ್ತೇವೆ. ಹತ್ತು ದಿನ ಸೇರಿ ನಾವು ಬಿಡಿಸಿದ ಗಂಟಲನ್ನು ಹತ್ತು ನಿಮಿಷದಲ್ಲಿ ನಾವೇ ಕಟ್ಟಿಸಿದ್ದೆವು.

ಖತೀಜಮ್ಮ ಪರದೆಯ ಕಡೆ ಕೈ ತೋರಿಸಿ, "ಯಾ ಅಲ್ಲಾಹ್, ಅವನಿಗೆ ಯಾರಾದ್ರೂ ಒಂದು ಮುಷ್ಟಿ ಅನ್ನ ಹಾಕಿ" ಎಂದು ಅತ್ತುಬಿಟ್ಟರು. ದೀಪೇಶ್ ಕನ್ನಡಕ ಹಾಕಿಕೊಂಡ, ಮತ್ತೆ ತೆಗೆದು ಒರೆಸಿಕೊಂಡ.

ಸಂಜೆ ಬಾಂಬೆಯಿಂದ ಫೋನು ಬಂತು. ಅದು ಯಾವ ಭಾಷೆ ಎಂದು ಕೇಳಿದರಂತೆ. "ಸತ್ತವರ ಭಾಷೆ ಸರ್" ಎಂದ ದೀಪೇಶ್. ಬಹಳ ನೈಜವಾಗಿದೆ, ಎಂಟು ಕಂತಿಗೂ ಇದೇ ನರಳಾಟ ಇರಲಿ ಎಂದರು.

ಹೀಗೆ ಜಯನಿಗೆ ಕೆಲಸ ಗಟ್ಟಿಯಾಯಿತು, ನಮಗೂ ಒಂದು ಕೆಲಸ ಬಂತು. ಗಂಟಲು ಈಗ ಪೂರ್ತಿ ಗುಣವಾಗಿದೆ, ತಾನಾಗಿ ಕಟ್ಟುವುದಿಲ್ಲ. ಆದ್ದರಿಂದ ಪ್ರತಿ ಶನಿವಾರ ನಮ್ಮಲ್ಲೊಬ್ಬರು ಗಾಜಿನ ಈಚೆ ಕೂತು ಅವನ ಗಂಟಲು ಕಟ್ಟಿಸಬೇಕು. ಖತೀಜಮ್ಮನ ಸರದಿಯ ವಾರ ಮಾತೇ ಬೇಕಾಗಲಿಲ್ಲ, ಗಾಜಿನ ಎದುರು ಬುತ್ತಿ ಬಿಚ್ಚಿದರು, ಆರು ಹೆಣ ಮುಗಿದವು. ಮರ್ವಾ ಎರಡನೆಯ ಕ್ಲಾಸಿನಲ್ಲಿದ್ದಾಗ ಬಸ್ಸಿನಲ್ಲಿ ಕಳೆದ ತನ್ನ ನೀರಿನ ಬಾಟಲಿಯನ್ನು ಜಯ ಹುಡುಕಿ ಕೊಟ್ಟದ್ದನ್ನು ನೆನಪಿಸಿದಳು. ನಾಲ್ಕನೆಯ ವಾರ ನನ್ನ ಸರದಿ.

ನಾನು ನೋಟಿಸ್ ಬರೆಯುವ ಮನುಷ್ಯ. ಏನು ಹೇಳಲಿ? ಕೂತೆ. ಕೆಮ್ಮಿದೆ. ಜಯ ಗಾಜಿನ ಆಚೆ ಕಾಯುತ್ತಿದ್ದ, ಪರದೆಯ ಮೇಲೆ ಹೆಣವೊಂದು ಇಗರ್ಜಿಯ ಮೆಟ್ಟಿಲ ಮೇಲೆ ಕಾಯುತ್ತಿತ್ತು.

"ಜಯ" ಎಂದೆ. "ನನಗೆ ಡೆಂಗ್ಯೂ ಬಂದ ವರ್ಷ ಹನ್ನೊಂದು ದಿನ ನೀನು ಗಂಜಿ ತಂದುಕೊಟ್ಟೆ. ಆಗ ನಿನಗೆ ಸ್ವರ ಇರಲಿಲ್ಲ, ಬಾಗಿಲು ತಟ್ಟಿ ಪಾತ್ರೆ ಇಟ್ಟು ಹೋಗುತ್ತಿದ್ದೆ. ಹನ್ನೆರಡನೆಯ ದಿನ ನಾನು ಎದ್ದವನು, ಮೆಟ್ಟಿಲಲ್ಲಿ ಗಂಜಿ ಚೆಲ್ಲಿದೆ ಅಂತ ನಿನಗೆ ನೋಟಿಸ್ ಕೊಟ್ಟೆ. ಅದನ್ನು ನೀನು ತೆಗೆದುಕೊಂಡು ಮಡಚಿ ಜೇಬಿಗೆ ಹಾಕಿ ನಕ್ಕೆ. ನಾನು ನಿನಗೆ ಒಂದು..."

ಒಂದು ಥ್ಯಾಂಕ್ಸ್ ಹೇಳಲಿಲ್ಲ ಎನ್ನಬೇಕಿತ್ತು. ಮಾತು ಮುಂದೆ ಬರಲಿಲ್ಲ. ಬಂದದ್ದು ಬೇರೆ ಏನೋ ಒಂದು ಶಬ್ದ, ನನಗೇ ಗುರುತು ಸಿಗದ್ದು.

ನನ್ನೆದುರಿನ ಮೈಕನ್ನೂ ರೆಕಾರ್ಡಿಂಗಿಗೆ ಹಾಕಿದ್ದ ಗ್ಲೆನಿಟಾ ಹೆಬ್ಬೆರಳು ಎತ್ತಿ, "ಟೇಕ್ ಓಕೆ, ಸೆಕ್ರೆಟ್ರಿ ಸರ್" ಎಂದಳು.

ನಾಲ್ಕನೆಯ ಕಂತಿನಲ್ಲಿ ಇಗರ್ಜಿಯ ಮೆಟ್ಟಿಲ ಮೇಲೆ ಕೂತು ನರಳುವ ಹೆಣ ಇದೆಯಲ್ಲ, ಅದು ನಾನು.